ಹೊನ್ನಾವರದ ಕಡಲಲ್ಲಿ ಡಾಲ್ಫಿನ್ ಗಣತಿ

ಜನಗಣತಿಗೆ ಬರುವ ಮೇಷ್ಟ್ರು ಬಾಗಿಲು ತಟ್ಟುತ್ತಾರೆ, ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಕಡಲಿಗೆ ಬಾಗಿಲಿಲ್ಲ. ಅಲ್ಲಿನ ಡಾಲ್ಫಿನ್‌ಗಳು ಉಸಿರಾಡಲು ಒಂದೆರಡು ಕ್ಷಣ ಮೇಲೆ ಬಂದು ಮುಳುಗಿಬಿಡುತ್ತವೆ. ಒಮ್ಮೆ ಎಣಿಸಿದ್ದನ್ನೇ ಮತ್ತೆ ಎಣಿಸಲಿಲ್ಲ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆ ಇಟ್ಟುಕೊಂಡೇ ಜನವರಿಯ ಒಂದು ಬೆಳಿಗ್ಗೆ, ಸಮೀಕ್ಷೆಗೆ ಹೊರಟ ವಿದ್ಯಾರ್ಥಿಗಳ ಬೋಟನ್ನು ಹೊನ್ನಾವರದಲ್ಲಿ ಹತ್ತಿದೆ. ಎಡಕ್ಕೆ ಕಾಸರಕೋಡು ಟೊಂಕದ ಗಾಳಿಮರಗಳು, ಬೆನ್ನ ಹಿಂದೆ ಶರಾವತಿಯ ಮೇಲೆ ಎರಡು ಕಿ.ಮೀ. ಉದ್ದದ ಕೊಂಕಣ ರೈಲ್ವೆ ಸೇತುವೆ. ಅಳಿವೆಯಲ್ಲಿ ಮರಳ ದಿಬ್ಬಗಳ ಕಾಟ. ಅಲ್ಲಿಯತನಕ ಮಾತಾಡುತ್ತಿದ್ದ ತಾಂಡೇಲರು ಗಪ್‌ಚಿಪ್ಪಾಗಿ ನೀರಿನ ಬಣ್ಣ ನೋಡುತ್ತ ಬೋಟು ದಾಟಿಸಿದರು.

ಭಟ್ಕಳದಿಂದ ಕುಮಟಾಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಅಷ್ಟರೊಳಗೆ ಶರಾಬಿ ಹೊಳೆ, ವೆಂಕಟಾಪುರ ಹೊಳೆ, ಶರಾವತಿ ಸಮುದ್ರ ಸೇರುತ್ತವೆ. ಹೊಳೆ ತಂದ ಸತ್ತ್ವಕ್ಕೆ ಸಣ್ಣ ಮೀನು ಬರುತ್ತದೆ. ಅದರ ಬೆನ್ನಿಗೆ ಡಾಲ್ಫಿನ್ ಬರುತ್ತದೆ, ಬಲೆಯೂ ಬರುತ್ತದೆ. ಗೊಂದಲವೆಲ್ಲ ಇಲ್ಲಿಂದಲೇ ಶುರು.

ಇಲ್ಲಿ ದಡದ ಹತ್ತಿರ ಕಾಣುವುದು ಬೆನ್ನ ಮೇಲೆ ಡುಬ್ಬವಿರುವ ಜಾತಿ. ವಿಜ್ಞಾನಿಗಳು ಸೌಸಾ ಪ್ಲಂಬಿಯಾ ಎನ್ನುತ್ತಾರೆ. ಆಫ್ರಿಕದ ದಕ್ಷಿಣ ತುದಿಯಿಂದ ಭಾರತದವರೆಗೆ ಕರಾವಳಿಯ ಸಪೂರ ಪಟ್ಟಿಯೇ ಇದರ ಮನೆ. ನೀರು 25 ಮೀಟರಿಗಿಂತ ಆಳವಾದರೆ ಇದು ಕಾಣಸಿಗುವುದು ಅಪರೂಪ. ಪೂರ್ವದ ಸೋದರ ಜಾತಿಗಳಿಂದ ಇದನ್ನು ಪ್ರತ್ಯೇಕವೆಂದು ಗುರುತಿಸಿದ್ದು 2014ರಲ್ಲಿ, ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿಸಿದ್ದು 2017ರಲ್ಲಿ.

ಎಣಿಕೆ ಎಂದರೆ ಡಾಲ್ಫಿನ್ ಸಿಗುವಲ್ಲಿಗೆ ಹೋಗಿ ಲೆಕ್ಕ ಹಾಕುವುದೆಂದು ನಾನು ತಿಳಿದಿದ್ದೆ. ಹಾಗಲ್ಲ. ನಕ್ಷೆಯ ಮೇಲೆ ಮೊದಲೇ ಅಂಕುಡೊಂಕು ಗೆರೆ ಎಳೆದು, ಜಿಪಿಎಸ್ ಹಿಡಿದು, ಆ ಗೆರೆಯ ಮೇಲೇ ಒಂದೇ ವೇಗದಲ್ಲಿ ಹೋಗಬೇಕು. ಒಬ್ಬರ ಕಣ್ಣು ಎಡಕ್ಕೆ, ಇನ್ನೊಬ್ಬರದು ಬಲಕ್ಕೆ, ಮೂರನೆಯವರ ಕೈಯಲ್ಲಿ ಪುಸ್ತಕ. ಕಣ್ಣು ದಣಿಯುತ್ತದೆಂದು ಆಗಾಗ ಜಾಗ ಬದಲು. ಮೊದಲ ಒಂದೂವರೆ ತಾಸು ಏನೂ ಕಾಣಲಿಲ್ಲ. ಪುಸ್ತಕದಲ್ಲಿ ಸಮಯ, ಆಳ, ಗಾಳಿ, ಸುತ್ತಲಿನ ದೋಣಿಗಳ ಸಂಖ್ಯೆ ಮಾತ್ರ ತುಂಬುತ್ತಿತ್ತು.

“ಕಾಣ್ಲಿಲ್ಲ ಅಂತ ಬರೂಕೂ ಪುಸ್ತಕ ಬೇಕೇ ತಮಾ?” ತಾಂಡೇಲರು ನಕ್ಕರು.

ಬೇಕು. ಇದ್ದ ಕಡೆ ಮಾತ್ರ ಹೋಗಿ ಎಣಿಸಿದರೆ ಕಡಲೆಲ್ಲ ಡಾಲ್ಫಿನ್ ತುಂಬಿದೆ ಎಂಬ ಸುಳ್ಳು ಲೆಕ್ಕ ಸಿಗುತ್ತದೆ. ಸೊನ್ನೆಯೂ ಇಲ್ಲಿ ಒಂದು ಅಂಕಿ.

ಕೊನೆಗೆ ಕೂಗಿದ್ದು ತಾಂಡೇಲರೇ, ದುರ್ಬೀನು ಹಿಡಿದವರಲ್ಲ! ಬಸವರಾಜದುರ್ಗದ ನಡುಗಡ್ಡೆಯ ದಿಕ್ಕಿನಲ್ಲಿ ಮೊದಲು ಉದ್ದ ಮೂತಿ, ಆಮೇಲೆ ಬೂದು ಬೆನ್ನು, ಡುಬ್ಬ. ಒಂದು, ಎರಡು, ನಾಲ್ಕು. ದೊಡ್ಡದೊಂದರ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಮರಿ. ನಾನು ಆರು ಎಂದೆ, ಹುಡುಗಿಯೊಬ್ಬಳು ಐದು ಎಂದಳು. ಪುಸ್ತಕದಲ್ಲಿ ಕನಿಷ್ಠ ನಾಲ್ಕು, ಗರಿಷ್ಠ ಆರು ಎಂದು ಎರಡೂ ದಾಖಲಾದವು. ಎಂಜಿನ್ ಸದ್ದು ಇಳಿಸಿ, ಪಕ್ಕದಲ್ಲೇ ಮೆಲ್ಲನೆ ಸಾಗುತ್ತ ಕ್ಯಾಮೆರಾದವನು ಬೆನ್ನುರೆಕ್ಕೆಗಳನ್ನಷ್ಟೇ ತೆಗೆದ. ರೆಕ್ಕೆಯ ಅಂಚಿನ ಸೀಳು, ಕಚ್ಚು, ಗಾಯದ ಕಲೆ ಒಂದರಂತೆ ಇನ್ನೊಂದಕ್ಕಿಲ್ಲ. ನಮ್ಮ ಹೆಬ್ಬೆರಳಿನ ಗುರುತಿದ್ದಂತೆ.

ಗಣಿತ ಬರುವುದು ಆಮೇಲೆ. ಒಂದು ಉದಾಹರಣೆ: ಮೊದಲ ಸುತ್ತಿನಲ್ಲಿ 20 ರೆಕ್ಕೆ ಗುರುತಾಯಿತೆನ್ನಿ. ಎರಡನೆಯ ಸುತ್ತಿನಲ್ಲಿ 15 ಸಿಕ್ಕವು, ಅದರಲ್ಲಿ 10 ಹಳೆಯವೇ. ಅಂದರೆ ಎರಡನೆಯ ಸಲ ಕಂಡವುಗಳಲ್ಲಿ ಮೂರರಲ್ಲಿ ಎರಡು ಪಾಲು ಪರಿಚಿತ. ಹಾಗಾದರೆ ಆ 20 ಕೂಡ ಒಟ್ಟಿನ ಮೂರರಲ್ಲಿ ಎರಡು ಪಾಲು. ಒಟ್ಟು 30! ಗುರುತೇ ಇಲ್ಲದ ನುಣುಪು ರೆಕ್ಕೆಗಳಿಗೆ ಬೇರೆ ಲೆಕ್ಕವಿದೆ, ಅದು ಬಿಡಿ.

ಇಷ್ಟೆಲ್ಲ ತಲೆಬಿಸಿ ಯಾಕೆಂದರೆ, ಇವು ಮೀನಲ್ಲ. ಹೆಣ್ಣು ಬೆಳೆದು ಮರಿ ಹಾಕಲು ಸುಮಾರು ಹತ್ತು ವರ್ಷ. ಬಸಿರು ಹತ್ತು ಹನ್ನೆರಡು ತಿಂಗಳು, ಮರಿ ಒಂದೇ, ಮುಂದಿನದಕ್ಕೆ ಮತ್ತೆ ಎರಡು ಮೂರು ವರ್ಷ. ನೀರಲ್ಲಿ ಗೋಡೆಯಂತೆ ಇಳಿಬಿಟ್ಟ ನೈಲಾನ್ ಬಲೆಗೆ ಸಿಕ್ಕರೆ ಮೇಲೆ ಬಂದು ಉಸಿರಾಡಲಾಗದೆ ಸಾಯುತ್ತವೆ. ಊರ ಹೊಳೆಬಾಯಿಯಲ್ಲಿ ಇರುವುದು ಮೂವತ್ತೋ ಮುನ್ನೂರೋ ಗೊತ್ತಿಲ್ಲದಿದ್ದರೆ, ವರ್ಷಕ್ಕೆ ಎರಡು ಸತ್ತದ್ದು ದೊಡ್ಡದೋ ಸಣ್ಣದೋ ಹೇಳುವವರಾರು?

ಮೀನುಗಾರರ ನ್ಯಾಯವೂ ಇದೆ. “ಬಲೆ ಹರದ್ರೆ ದುಡ್ಡು ಯಾರ ಕೊಡ್ತ್ರು?” ಎಂದರು ತಾಂಡೇಲರು. 1972ರ ವನ್ಯಜೀವಿ ಕಾಯಿದೆಯಲ್ಲಿ ಡಾಲ್ಫಿನ್‌ಗೆ ಹುಲಿಗಿರುವಷ್ಟೇ ರಕ್ಷಣೆ. ಹರಿದ ಬಲೆಯ ಖರ್ಚು ಮಾತ್ರ ಮನೆಯವರದೇ. ಬೋಟಿನಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಕುಮಟಾ ತಾಲ್ಲೂಕಿನ ಗೋಕರ್ಣಕ್ಕೆ ಹೋದವರು ಡಾಲ್ಫಿನ್ ನೋಡಲು ಬೋಟು ಹತ್ತುವುದುಂಟು. ಹತ್ತಿದರೆ ಅಟ್ಟಿಸಿಕೊಂಡು ಹೋಗಿ ಎಂದು ಮಾತ್ರ ಹೇಳಬೇಡಿ. ಮರಿಯಿದ್ದಾಗಲಂತೂ ದೂರವೇ ಇರಿ.

ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು. ಅಲೆಯ ತಲೆ ಬೆಳ್ಳಗಾಯಿತು. ನೊರೆಯ ನಡುವೆ ರೆಕ್ಕೆ ಕಾಣುವುದಿಲ್ಲವೆಂದು ಗಣತಿ ನಿಲ್ಲಿಸಿದರು. ಬಂದರಿನ ಚಾದಂಗಡಿಯಲ್ಲಿ ಹುಡುಗಿ, ಎರಡು ಕಚ್ಚಿರುವ ಒಂದು ರೆಕ್ಕೆಯ ಚಿತ್ರವನ್ನು ಹಳೆಯ ಚಿತ್ರಗಳ ಜೊತೆ ಒಂದೊಂದಾಗಿ ಹೋಲಿಸುತ್ತ ಕೂತಳು. ನನ್ನ ಬಸ್ಸು ಬಂದಾಗಲೂ ಅವಳು ಹುಡುಕುತ್ತಲೇ ಇದ್ದಳು.