ಇಪ್ಪತ್ತೆಂಟು ಪೌಂಡುಗಳ ತೃಪ್ತಿ

ಸೆರೆಯಲ್ಲಿದ್ದ ಸಂತ ಪೌಲನು ಫಿಲಿಪ್ಪಿ ಪಟ್ಟಣದ ಭಕ್ತರಿಗೆ ಬರೆದ ಪತ್ರದಲ್ಲಿ ತೃಪ್ತಿಯನ್ನು ತಾನು ಕಲಿತ ವಿದ್ಯೆಯೆಂದು ಹೇಳಿಕೊಳ್ಳುತ್ತಾನೆ. ಕೊರತೆಯಲ್ಲಿ ಬಾಳುವುದನ್ನು ಮಾತ್ರವಲ್ಲ, ಸಮೃದ್ಧಿಯಲ್ಲಿ ಬಾಳುವುದನ್ನೂ ಅವನು ಕಲಿಯಬೇಕಾಯಿತಂತೆ. ಬಡತನವನ್ನು ಸಹಿಸಲು ಅಭ್ಯಾಸ ಬೇಕೆಂಬುದು ಯಾರಿಗಾದರೂ ತಿಳಿಯುತ್ತದೆ. ಸಂಪತ್ತನ್ನು ಸಹಿಸಲೂ ಅಭ್ಯಾಸ ಬೇಕೆಂಬ ಮಾತು ಅಷ್ಟು ಸುಲಭವಾಗಿ ಮನಸ್ಸಿಗಿಳಿಯದು. ೧೮ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥವನ್ನು ಕಟ್ಟಿದ ಜಾನ್ ವೆಸ್ಲಿಯವರ ಬಾಳು ಆ ಮಾತಿಗೆ ಬರೆದ ಭಾಷ್ಯದಂತಿದೆ.

ವೆಸ್ಲಿಯವರು ೧೭೦೩ರಲ್ಲಿ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಮನೆಯಲ್ಲಿ ಜನಿಸಿದರು. ಅವರು ಎರಡು ವರ್ಷದ ಕೂಸಾಗಿದ್ದಾಗ ತಂದೆ ಸಾಲ ತೀರಿಸಲಾಗದೆ ಸೆರೆಮನೆ ಸೇರಿದ್ದರು. ಇಂತಹ ಮನೆಯಲ್ಲಿ ಬೆಳೆದವರು ಹಣದ ಬೆನ್ನು ಹತ್ತಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರಾಗಿದ್ದಾಗ ನಡೆದ ಘಟನೆಯೊಂದನ್ನು ಅವರು ಮುಪ್ಪಿನಲ್ಲೂ ನೆನೆಯುತ್ತಿದ್ದರು. ಕೊರೆಯುವ ಚಳಿಯ ದಿನ, ಅವರು ಮತ್ತು ಅವರ ಗೆಳೆಯರು ನಡೆಸುತ್ತಿದ್ದ ಶಾಲೆಯ ಬಡ ಹುಡುಗಿಯೊಬ್ಬಳು ತೆಳುವಾದ ನಾರುಬಟ್ಟೆಯುಟ್ಟು ಅವರ ಕೊಠಡಿಗೆ ಬಂದಳು. ಏನಾದರೂ ಕೊಡೋಣವೆಂದು ಕಿಸೆಗೆ ಕೈಹಾಕಿದರೆ ಅಲ್ಲಿ ಹಣವೇ ಅತ್ಯಲ್ಪ. ಗೋಡೆಯ ಮೇಲೆ ಕೊಂಡು ತಂದ ಚಿತ್ರಪಟಗಳು ತೂಗುತ್ತಿದ್ದವು. ಆ ಗೋಡೆಯ ಅಲಂಕಾರವೇ ಹುಡುಗಿಯ ಮೈಮೇಲಿನ ಬಟ್ಟೆಯಾಗಬಹುದಿತ್ತಲ್ಲ ಎಂಬ ವಿಚಾರ ಅವರನ್ನು ಇರಿಯಿತು.

೧೭೮೭ರ ಪ್ರವಚನವೊಂದರಲ್ಲಿ ಅವರು ಆಕ್ಸ್‌ಫರ್ಡಿನ ಯುವಕನೊಬ್ಬನ ಲೆಕ್ಕವನ್ನು ಹೇಳುತ್ತಾರೆ. ಮೊದಲ ವರ್ಷ ಅವನಿಗೆ ಬಂದದ್ದು ೩೦ ಪೌಂಡು. ೨೮ ಪೌಂಡಿನಲ್ಲಿ ಬದುಕಿ ಉಳಿದ ಎರಡನ್ನು ದಾನ ಮಾಡಿದನು. ಮರುವರ್ಷ ೬೦ ಬಂದಿತು. ಖರ್ಚು ಅದೇ ೨೮, ದಾನ ೩೨. ಮೂರನೆಯ ವರ್ಷ ೯೦, ನಾಲ್ಕನೆಯ ವರ್ಷ ೧೨೦. ಖರ್ಚು ಮಾತ್ರ ೨೮ನ್ನು ದಾಟಲಿಲ್ಲ. ಆ ಯುವಕ ವೆಸ್ಲಿಯವರೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಮೊದಲ ವರ್ಷದ ಎರಡು ಪೌಂಡಿಗಿಂತ ನಾಲ್ಕನೆಯ ವರ್ಷದ ೯೨ ಪೌಂಡನ್ನು ಕೊಡುವುದು ಕಠಿಣವೆಂಬುದನ್ನು, ಸಂಬಳ ಏರಿದ ತಿಂಗಳೇ ಅಗತ್ಯಗಳೂ ಏರುವುದನ್ನು ಕಂಡವರು ಬಲ್ಲರು.

ಹಣವನ್ನು ಅವರು ಹಳಿದವರಲ್ಲ. ಹಸಿದವರಿಗೆ ಅನ್ನ, ಬೆತ್ತಲಾದವರಿಗೆ ವಸ್ತ್ರ ಆಗಬಲ್ಲ ವಸ್ತುವನ್ನು ಹಳಿಯುವುದೆಂತು? ಪರರಿಗೆ ಕೇಡಾಗದಂತೆ ಸಾಧ್ಯವಾದಷ್ಟು ಗಳಿಸಿ, ದುಂದು ಮಾಡದೆ ಉಳಿಸಿ, ಉಳಿದುದನ್ನು ಕೊಡಿರಿ ಎಂಬುದು ಅವರ ತ್ರಿವಿಧ ಬೋಧೆ. ತೊಡಕು ಹುಟ್ಟಿದ್ದು ಇಲ್ಲಿಯೇ. ಅನುಯಾಯಿಗಳು ಮೊದಲೆರಡನ್ನು ಶ್ರದ್ಧೆಯಿಂದ ಪಾಲಿಸಿದರು. ದುಡಿಮೆ, ಮಿತವ್ಯಯಗಳು ಕೂಡಿದ ಮನೆಗೆ ಸಿರಿ ಬಾರದಿರದು; ಸಿರಿಯೊಡನೆ ಅಹಂಕಾರವೂ ಬಂದು ಭಕ್ತಿ ಸೊರಗತೊಡಗಿತು. ಸದ್ಗುಣವೇ ತನ್ನ ಶತ್ರುವನ್ನು ಹೆರುವ ಈ ವಿಪರ್ಯಾಸವನ್ನು ೧೭೮೬ರಲ್ಲಿ ವೆಸ್ಲಿಯವರು ನೊಂದು ಬರೆದರು. ಮೂರನೆಯ ಸೂತ್ರದ ಹೊರತು ಬೇರೆ ಮದ್ದು ಅವರಿಗೂ ತೋರಲಿಲ್ಲ.

ಬೋಧಿಸಿದವರು ಅದನ್ನು ಆಚರಿಸಿದರೆಂಬುದಕ್ಕೆ ಸಾಕ್ಷ್ಯ ಸಾಕಷ್ಟಿದೆ. ಬೆಳ್ಳಿಯ ಸಾಮಾನಿನ ಮೇಲೆ ತೆರಿಗೆ ಕೇಳಿದ ಅಧಿಕಾರಿಗಳಿಗೆ ೧೭೭೬ರಲ್ಲಿ ಅವರು ಕೊಟ್ಟ ಲೆಕ್ಕ: ಲಂಡನ್ನಿನಲ್ಲಿ ಎರಡು ಚಮಚ, ಬ್ರಿಸ್ಟಲಿನಲ್ಲಿ ಎರಡು. ಅಗ್ಗದ ಬೆಲೆಗೆ ಮಾರಿದ ಪುಸ್ತಕಗಳಿಂದ ಅವರಿಗೆ ಬಹಳ ಹಣ ಬರುತ್ತಿತ್ತು. ಅದು ಬಂದಂತೆಯೇ ಹೋಗುತ್ತಿತ್ತು. ೧೭೮೫ರ ಜನವರಿಯಲ್ಲಿ, ೮೧ರ ವಯಸ್ಸಿನಲ್ಲಿ, ಬಡವರ ಬಟ್ಟೆಗಾಗಿ ಲಂಡನ್ನಿನ ಬೀದಿಗಳಲ್ಲಿ ಐದು ದಿನ ಭಿಕ್ಷೆ ಬೇಡಿದರು. ಕರಗುವ ಹಿಮ ಹರಡು ಮುಳುಗುವಷ್ಟಿತ್ತು. ೨೦೦ ಪೌಂಡು ಕೂಡಿತು. ವೃದ್ಧರು ಹಾಸಿಗೆ ಹಿಡಿದರು.

೧೭೯೧ರ ಮಾರ್ಚ್ ೨ರಂದು ಅವರು ತೀರಿಕೊಂಡರು. ಶವಯಾತ್ರೆಗೆ ಸಾರೋಟು ಬೇಡ, ಆರು ಮಂದಿ ಬಡವರು ಹೊತ್ತು ಸಾಗಲಿ, ಅವರಿಗೆ ತಲಾ ಒಂದು ಪೌಂಡು ಸಲ್ಲಲಿ ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದರು.