ಬಲ್ಮಠದ ಗುಡ್ಡ, ಬಾಸೆಲ್‌ನ ಮಕ್ಕಳು

ಮಂಗಳೂರಿನ ಹಂಪನಕಟ್ಟೆಯಿಂದ ಏರು ಹತ್ತಿ ಬಲ್ಮಠಕ್ಕೆ ಬಂದರೆ ಬಾಸೆಲ್ ಮಿಶನ್ನಿನ ಇಡೀ ಚರಿತ್ರೆ ಒಂದೇ ಗುಡ್ಡದ ಮೇಲೆ ಸಿಗುತ್ತದೆ. ದೇವಾಲಯ, ಪಾದ್ರಿಗಳನ್ನು ತಯಾರು ಮಾಡುವ ಕಾಲೇಜು, ಅಚ್ಚುಕೂಟ, ಇವೆಲ್ಲ ಒಂದಕ್ಕೊಂದು ತಾಗಿಕೊಂಡಂತೆ ಇವೆ. ದಿನವಿಡೀ ವಾಹನಗಳ ಗದ್ದಲವಿರುವ ಈ ಗುಡ್ಡದಲ್ಲಿ ನಿಂತು ನಮ್ಮವರು ಹೇಳುವ ಕಥೆ ಸಾಮಾನ್ಯವಾಗಿ ಒಂದೇ: ದೂರದ ಜರ್ಮನಿಯಿಂದ ಮನೆಮಠ ಬಿಟ್ಟು ಬಂದರು, ಕನ್ನಡಕ್ಕಾಗಿ ಜೀವ ತೇದರು. ಸುಳ್ಳಲ್ಲ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಾಲಿಟ್ಟ ಮೇಲೆ ಬಂದವರಲ್ಲಿ ಹೆರ್ಮನ್ ಮೊಗ್ಲಿಂಗ್ ಇಲ್ಲದಿದ್ದರೆ 1843ರ ‘ಮಂಗಳೂರ ಸಮಾಚಾರ’ವೂ ಇರುತ್ತಿರಲಿಲ್ಲ, ಪತ್ರಿಕಾ ದಿನವೆಂದು ಜುಲೈ ಒಂದರಂದು ಹಾರ ಹಾಕಿಸಿಕೊಳ್ಳುವ ಅವಕಾಶ ನಮ್ಮ ಪತ್ರಕರ್ತರಿಗೂ ಇರುತ್ತಿರಲಿಲ್ಲ. ಆದರೆ ‘ಮನೆ ಬಿಟ್ಟು ಬಂದರು’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮನೆಯನ್ನು ಅವರು ಬಿಡಲಿಲ್ಲ, ಬಿಟ್ಟಿದ್ದರೆ ಕೆಲಸವೇ ಸಾಗುತ್ತಿರಲಿಲ್ಲ. ಸಂಸಾರವನ್ನೂ ಸೇವೆಗೇ ಹೂಡಿದರು. ಹಾಗೆ ಹೂಡುವಾಗ ಲೆಕ್ಕ ಬರೆದವರು ಬಾಸೆಲ್‌ನಲ್ಲಿದ್ದ ಸಮಿತಿಯವರು, ಸಾಲ ತೀರಿಸಿದವರು ಹೆಂಗಸರು ಮತ್ತು ಮಕ್ಕಳು.

ಮಿಶನ್ನಿನ ಪದ್ಧತಿಯನ್ನು ನೋಡಿದರೆ ಇದು ತಿಳಿಯುತ್ತದೆ. ಪಾದ್ರಿ ಬ್ರಹ್ಮಚಾರಿಯಾಗಿ ಬರಬೇಕು. ಒಂದೆರಡು ವರ್ಷ ದುಡಿದು, ಭಾಷೆ ಕಲಿತು, ಯೋಗ್ಯನೆನಿಸಿಕೊಂಡ ಮೇಲೆ ಮದುವೆಗೆ ಅಪ್ಪಣೆ ಕೇಳಬಹುದು. ಅಪ್ಪಣೆ ಕೊಡುವುದು ಸಮಿತಿ, ಎಷ್ಟೋ ಸಲ ಹೆಣ್ಣು ಗೊತ್ತುಮಾಡುವುದೂ ಅದೇ. ವರನ ಮುಖವನ್ನೇ ನೋಡದ, ಅಥವಾ ಎಂದೋ ಒಮ್ಮೆ ನೋಡಿದ ಹುಡುಗಿಯರು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು, ಇಳಿದ ಕೆಲವೇ ದಿನಗಳಲ್ಲಿ ಮದುವೆಯಾಗಿ, ಹೆಣ್ಣುಮಕ್ಕಳ ಶಾಲೆಯನ್ನೋ ಅನಾಥಾಲಯವನ್ನೋ ವಹಿಸಿಕೊಳ್ಳುತ್ತಿದ್ದರು. ಇಲ್ಲಿನ ಮನೆಗಳ ಒಳಗೆ ಗಂಡಸು ಪಾದ್ರಿಗೆ ಪ್ರವೇಶವಿಲ್ಲ, ಅವನ ಹೆಂಡತಿಗೆ ಇದೆ. ಈ ಲಾಭವನ್ನು ಮಿಶನ್ ಚೆನ್ನಾಗಿ ಅರಿತಿತ್ತು. ಗಂಡನಿಗೆ ಕೊಡುವ ಅಲ್ಪ ಸಂಬಳದಲ್ಲಿ ಇಬ್ಬರ ದುಡಿಮೆ ಸಿಗುವಾಗ ಮದುವೆ ಬೇಡವೆನ್ನಲು ಯಾವ ಸಮಿತಿಗೂ ಬುದ್ಧಿ ಕೆಟ್ಟಿರುವುದಿಲ್ಲ. ಆದರೆ ಮಕ್ಕಳಾದ ಮೇಲೆ ಅದೇ ಸಂಸಾರ ಖರ್ಚಿನ ಬಾಬತ್ತಾಯಿತು. ಶಾಲೆಗೆ ಹೋಗುವ ವಯಸ್ಸು ಬಂದೊಡನೆ ಮಕ್ಕಳನ್ನು ಯುರೋಪಿಗೆ ಕಳಿಸಬೇಕು, ಬಾಸೆಲ್‌ನಲ್ಲಿ ಅವರಿಗೆಂದೇ ಒಂದು ಮಕ್ಕಳ ಮನೆ. ಅಪ್ಪ ಅಮ್ಮ ಮತ್ತೆ ಕಾಣುವುದು ಎಷ್ಟೋ ವರ್ಷಗಳ ಮೇಲೆ, ಇಲ್ಲವೇ ಕಾಣುವುದೇ ಇಲ್ಲ. ಮಲಯಾಳಂ ನಿಘಂಟುಕಾರ ಗುಂಡರ್ಟರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಪುಟ್ಟ ಮಗುವಾಗಿದ್ದಾಗಲೇ ಅವಳನ್ನು ಯುರೋಪಿಗೆ ಕರೆದೊಯ್ದು, ಅಲ್ಲೇ ಬಿಟ್ಟು, ತಂದೆತಾಯಿ ಮಲಬಾರಿಗೆ ಮರಳಿದರು. ಅವಳು ಮತ್ತೆ ಇಂಡಿಯಾ ಕಂಡದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಆ ನಡುವೆ ಅವಳ ತಾಯಿ ಜೂಲಿ ಮಲಬಾರಿನಲ್ಲಿ ಏನು ಮಾಡುತ್ತಿದ್ದರು? ಹೆಣ್ಣುಮಕ್ಕಳ ವಸತಿಶಾಲೆ ನಡೆಸುತ್ತಿದ್ದರು. ಊರವರ ಮಕ್ಕಳ ತಲೆ ಬಾಚಿ, ಹೊಲಿಗೆ ಕಲಿಸಿ, ಅಕ್ಷರ ತಿದ್ದಿಸುವ ಹೊತ್ತಿಗೆ ಸ್ವಂತ ಮಗಳನ್ನು ಬೇರೆ ಯಾರೋ ಸಾಕುತ್ತಿದ್ದರು. ಆ ಮರಿ ಮುಂದೆ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿಯಾದಳು.

ಇದಕ್ಕೆ ಮೊದಲ ಆಕ್ಷೇಪ ರೋಗದ್ದು. ಕರಾವಳಿಯ ಮಳೆ, ಜ್ವರ, ವಾಂತಿಭೇದಿಗಳ ನಡುವೆ ಮಕ್ಕಳನ್ನು ಇಟ್ಟುಕೊಳ್ಳುವುದು ಪ್ರೀತಿಯಲ್ಲ, ಹಟ ಎನ್ನಬಹುದು. ಈ ಮಾತಿನಲ್ಲಿ ತೂಕವಿದೆ. ಮೊಗ್ಲಿಂಗರ ಸೋದರಸಂಬಂಧಿಯೂ ಜೊತೆಗಾರರೂ ಆಗಿದ್ದ ವೈಗಲ್ 1855ರಲ್ಲಿ ತೀರಿಕೊಂಡರು, ಕನ್ನಡ ನಿಘಂಟುಕಾರ ಕಿಟ್ಟೆಲರ ಮೊದಲ ಹೆಂಡತಿ ಪೌಲಿನ ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ ಹೋದರು. ಕಂಪನಿ ಸರಕಾರದ ಅಧಿಕಾರಿಗಳೂ ಮಕ್ಕಳನ್ನು ಊರಿಗೆ ಕಳಿಸುತ್ತಿದ್ದರು. ಆದರೆ ಕಲೆಕ್ಟರನಿಗೆ ಕಳಿಸುವುದೋ ಬೇಡವೋ ಎಂದು ಹೆಂಡತಿಯ ಜೊತೆ ಕೂತು ತೀರ್ಮಾನಿಸುವ ಸ್ವಾತಂತ್ರ್ಯವಿತ್ತು, ಪಾದ್ರಿಗೆ ನಿಯಮವಿತ್ತು. ಮಿಶನ್ ಹೆದರಿದ್ದು ಜ್ವರಕ್ಕೆ ಮಾತ್ರವೂ ಅಲ್ಲ. ಆಯಾಗಳ ಕೈಯಲ್ಲಿ ಬೆಳೆದ ಮಕ್ಕಳಿಗೆ ಇಲ್ಲಿನ ಮಾತು, ಇಲ್ಲಿನ ನಡತೆ, ಇಲ್ಲಿನ ದೇವರುಗಳ ಗಾಳಿ ಹಿಡಿಯುತ್ತದೆಂಬ ಭಯ ಅದಕ್ಕೆ ಇತ್ತು. ಅಪ್ಪ ದೀಪದ ಬೆಳಕಿನಲ್ಲಿ ಕಣ್ಣು ಸವೆಸಿಕೊಂಡು ಕಲಿಯುತ್ತಿದ್ದ ಭಾಷೆ ಮಗುವಿಗೆ ಅಂಗಳದಲ್ಲೇ ಬಂದುಬಿಟ್ಟರೆ ಅದು ಅಪಾಯ!

ಎರಡನೆಯ ಆಕ್ಷೇಪ ಇನ್ನೂ ನೇರ: ಪಾದ್ರಿಗಳ ಸಂಸಾರದ ದುಃಖ ಹಾಡುವ ನೀವು ಅವರು ಒಡೆದ ಸಂಸಾರಗಳನ್ನು ಮರೆತಿರಾ? ಮರೆಯುವಂತಿಲ್ಲ. 1844ರ ಜನವರಿಯಲ್ಲಿ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಮಂಗಳೂರು ಹೊತ್ತಿ ಉರಿದಂತಾಯಿತು. ಹೆಂಡತಿ ಅವರ ಹಿಂದೆ ಬರಲಿಲ್ಲ. ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಬಂದ ಅವರು 1860ರಲ್ಲಿ ಜರ್ಮನ್ ಹೆಣ್ಣನ್ನು ಮದುವೆಯಾದರು. ಇದು ಎಲ್ಲರೂ ಹೇಳುವ ಪ್ರಸಂಗ. ಹೆಚ್ಚು ಮಂದಿಯ ಪಾಡು ಬೇರೆಯಿತ್ತು. ಮಿಶನ್ನಿಗೆ ಬಂದವರಲ್ಲಿ ಬಹುಪಾಲು ಬಿಲ್ಲವರು ಮತ್ತು ಬಡ ಒಕ್ಕಲುಗಳು. ಸಭೆಗೆ ಸೇರಿದರೆ ಶೇಂದಿ ಇಳಿಸುವ ಕಸುಬು ಬಿಡಬೇಕು, ಭೂತದ ಕೋಲಕ್ಕೆ ಬೆನ್ನು ಹಾಕಬೇಕು. ಕೋಲಕ್ಕೆ ಬೆನ್ನು ಹಾಕಿದವನನ್ನು ಧಣಿ ಭೂಮಿಯಿಂದ ಎಬ್ಬಿಸಬಹುದು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಮನೆಯಲ್ಲಿ ಪಾಲು ಕೇಳಲು ಬಾಯಿಲ್ಲ. ಒಂದೇ ದಿನದಲ್ಲಿ ಕಸುಬು, ಮನೆ, ಮಾವ, ಅಳಿಯ ಎಲ್ಲವೂ ಹೋಗುತ್ತಿತ್ತು. ಇಂಥವರಿಗೆ ಬರಿ ಉಪದೇಶ ಸಾಲದೆಂದು ಪಾದ್ರಿಗಳಿಗೆ ಬೇಗ ಅರ್ಥವಾಯಿತು. ಬಲ್ಮಠದಲ್ಲಿ ಮಗ್ಗಗಳು ಬಂದವು, 1865ರಲ್ಲಿ ಮಿಶನ್ನಿನವರೇ ಆದ ಪ್ಲೆಬ್‌ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಇಂದಿಗೂ ಹಳೆ ಮನೆಯ ಮಾಡಿನಿಂದ ಒಂದು ಹಂಚು ತೆಗೆದು ಮಗುಚಿದರೆ, ಹೊಗೆ ಹಿಡಿದು ಕಪ್ಪಾದ ಬೆನ್ನಿನ ಮೇಲೆ ಬಾಸೆಲ್ ಮಿಶನ್ ಎಂಬ ಮುದ್ರೆಯೂ 1865 ಎಂಬ ಇಸವಿಯೂ ಉಬ್ಬಕ್ಷರದಲ್ಲಿ ಕೈಗೆ ತಾಗುತ್ತವೆ. ಆ ಹಂಚನ್ನು ಮಾಡಿದವರು ಸ್ವಂತ ಮಾಡು ಕಳೆದುಕೊಂಡವರು. ಕೆಲಸ, ಬಿಡಾರ, ಶಾಲೆ, ಹೆಣ್ಣು ಗಂಡು ನೋಡುವುದು, ಕೊನೆಗೆ ಗುಂಡಿಗೆ ಮೂರಡಿ ಜಾಗ, ಎಲ್ಲವನ್ನೂ ಮಿಶನ್ನೇ ಒದಗಿಸಿತು. ಕುಡಿದು ಬಂದವನನ್ನು ಗದರಿಸುವ ಯಜಮಾನಿಕೆಯೂ ಅದರದೇ ಆಯಿತು.

ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಬಂಧುಬಳಗ ಇಲ್ಲದ ಮನುಷ್ಯ ನಿಲ್ಲಲಾರನೆಂದು ಮಿಶನ್ನಿಗೆ ಗೊತ್ತಿತ್ತು, ಬಿಲ್ಲವನ ವಿಷಯದಲ್ಲಿ ಅದಕ್ಕೆ ಬೇಕಾದ ಏರ್ಪಾಡನ್ನೂ ಮಾಡಿತು. ತನ್ನ ಪಾದ್ರಿಯ ಐದಾರು ವರ್ಷದ ಮಗನ ವಿಷಯದಲ್ಲಿ ಮಾತ್ರ ಅದೇ ಅರಿವನ್ನು ತ್ಯಾಗವೆಂಬ ಹೆಸರಿನಡಿ ಮುಚ್ಚಿಟ್ಟಿತು.

ಅಷ್ಟು ಕಠಿಣವಾಗಿ ಇರದಿದ್ದರೆ ನಿಘಂಟು, ಪತ್ರಿಕೆ, ಕಾರ್ಖಾನೆ ಆಗುತ್ತಿತ್ತೇ ಎಂದು ಕೇಳುವವರಿದ್ದಾರೆ. ಮೊಗ್ಲಿಂಗರನ್ನೇ ನೋಡಿ. ಬಹುಕಾಲ ಒಂಟಿಯಾಗಿದ್ದವರು, ವೈಗಲ್ ಸತ್ತ ಮೇಲೆ ಅವರ ವಿಧವೆ ಪೌಲಿನರನ್ನು ಮದುವೆಯಾದರು. 1860ರಲ್ಲಿ ಆಕೆಯ ಕಾಯಿಲೆಗಾಗಿ ಕೊಡಗಿನಲ್ಲಿ ಮಾಡುತ್ತಿದ್ದ ಮಿಶನ್ ಕೆಲಸವನ್ನು ಬಿಟ್ಟು ಊರಿಗೆ ಮರಳಿದರು. ಸೇವೆಗಿಂತ ಹೆಂಡತಿಯೇ ಹೆಚ್ಚೆಂದು ತೀರ್ಮಾನಿಸಿದ ಈ ಮನುಷ್ಯನನ್ನು ಕನ್ನಡ ಯಾವತ್ತೂ ಕಡಿಮೆಯಾಗಿ ಕಂಡಿಲ್ಲ. ಕಿಟ್ಟೆಲರ ಪೌಲಿನ ತೀರಿಕೊಂಡ ಮೇಲೆ ಆ ಮನೆಯನ್ನು ಎತ್ತಿ ನಿಲ್ಲಿಸಿದವರು ಆಕೆಯ ತಂಗಿ ಜೂಲಿ. 1867ರಲ್ಲಿ ಕಿಟ್ಟೆಲರು ಅವರನ್ನು ಮದುವೆಯಾದರು. ಎಪ್ಪತ್ತು ಸಾವಿರ ಶಬ್ದಗಳ ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬರುವ ತನಕ ಗಂಡನ ಪುಸ್ತಕದ ಜೊತೆ ಬಾಳಿದವರು ಅವರು. ನಿಘಂಟು ಹುಟ್ಟಿದ್ದು ಸಂಸಾರವನ್ನು ತೊರೆದದ್ದರಿಂದ ಅಲ್ಲ, ಯಾರೋ ಆ ಸಂಸಾರವನ್ನು ಹೊತ್ತದ್ದರಿಂದ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರಕಾರ ಹಿಡಿದಿಟ್ಟು ಹೊರಗೆ ಕಳಿಸಿದ ಮೇಲೂ ಇಲ್ಲಿನ ಸಭೆಗಳು ಉಳಿದವು. ಉಳಿಸಿದವರು ಊರಲ್ಲೇ ಮನೆಮಕ್ಕಳಿದ್ದ ಸ್ಥಳೀಯ ಬೋಧಕರು.

ಕಿಟ್ಟೆಲರ ಪ್ರತಿಮೆಗೆ ಹಾರ ಹಾಕಿ ಭಾಷಣ ಮಾಡುವವರಲ್ಲಿ ನನ್ನದೊಂದು ವಿನಂತಿ: ಪೌಲಿನ, ಜೂಲಿ ಎಂಬ ಆ ಅಕ್ಕತಂಗಿಯರ ಹೆಸರನ್ನೂ ಮೈಕಿನಲ್ಲಿ ಒಮ್ಮೆ ಹೇಳಿ.