ಗಾಳಿ ದಾಟುವ ಸೀಸ

2008ರ ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಅಂಕ ಗಳಿಸಿ ಚಿನ್ನ ಗೆದ್ದರು. ಅವರಿಗೂ ಗುರಿಗೂ ನಡುವೆ ಇದ್ದದ್ದು ಹತ್ತೇ ಮೀಟರ್, ಅದೂ ಗಾಳಿ ಸುಳಿಯದ ಒಳಾಂಗಣ. ಗುರಿಯ ನಟ್ಟನಡುವಿನ ಹತ್ತರ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಆ ಆಟಕ್ಕೆ ಬಳಸುವುದು 4.5 ಮಿ.ಮೀ. ಅಡ್ಡಳತೆಯ, ಅರ್ಧ ಗ್ರಾಂ ಆಸುಪಾಸಿನ ಸೀಸದ ಪೆಲೆಟ್. ಏರ್ ರೈಫಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಈ ಚಿತ್ರವೇ.

ಅದೇ ಪೆಲೆಟ್ಟನ್ನು ಬಯಲಿಗೆ ತಂದು ಐವತ್ತು ಮೀಟರಿಗೆ ಹಾರಿಸಿದರೆ ಕತೆಯೇ ಬೇರೆ. ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತು ಬೀಳಲೆಂದು ಅದರ ಮೂತಿಯನ್ನು ಚಪ್ಪಟೆ ಮಾಡಿರುತ್ತಾರೆ. ದೂರ ಹೆಚ್ಚಿದಂತೆ ಆ ಚಪ್ಪಟೆ ಮೂತಿಯೇ ಶತ್ರು. ಗಾಳಿಯ ತಡೆಗೆ ವೇಗ ಕುಸಿಯುತ್ತದೆ, ಒಂದೆಡೆ ಕೂಡಿದ್ದ ತೂತುಗಳು ಚೆದುರುತ್ತವೆ. ದೂರದ ಗುರಿಯ ಗೀಳು ಹತ್ತಿಸಿಕೊಂಡವರು ಇಲ್ಲಿಂದಾಚೆ ಎರಡು ಪ್ರಶ್ನೆಗಳಲ್ಲಿ ಮುಳುಗುತ್ತಾರೆ: ನಳಿಗೆಯ ಕ್ಯಾಲಿಬರ್ ಎಷ್ಟಿರಬೇಕು, ಸೀಸದ ತೂಕ ಎಷ್ಟಿರಬೇಕು?

ದೂರಕ್ಕೆ ಒಗ್ಗುವುದು ದುಂಡು ಮೂತಿಯ ಡಯಾಬೊಲೊ ಪೆಲೆಟ್. ಡಮರುವಿನ ಹಾಗೆ ಅದರ ನಡು ಸಣ್ಣ. ಹಿಂಭಾಗ ಟೊಳ್ಳು, ಅಂಚು ತೆಳು. ಹಿಂದಿನಿಂದ ಒತ್ತಡ ಬಿದ್ದಾಗ ಆ ಅಂಚು ಅರಳಿ, ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ. ತೂಕ ಮುಂದೆ, ಗಾಳಿಯ ತಡೆ ಹಿಂದೆ. ಹಾಗಾಗಿ ಹಾರುವಾಗ ಮೂತಿ ಅತ್ತಿತ್ತ ಹೊರಳದು. ಅಷ್ಟು ಪುಟ್ಟ ವಸ್ತುವಿನಲ್ಲಿ ಇಷ್ಟು ಜಾಣ್ಮೆ ಅಡಗಿದೆ ಎನ್ನುವುದೇ ಈ ಹವ್ಯಾಸದ ಮೊದಲ ಬೆರಗು.

ಕ್ಯಾಲಿಬರ್ ಆಯ್ಕೆಯನ್ನು ಕಾನೂನು ಹೇಗೆ ತಿದ್ದುತ್ತದೆ ಎಂದು ನೋಡಲು ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ನ ಶಕ್ತಿಗೆ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್ ಮಿತಿ. ಆ ಮಿತಿಯೊಳಗೇ ಬೆಳೆದ ಆಟ ಫೀಲ್ಡ್ ಟಾರ್ಗೆಟ್. ಎಂಟರಿಂದ 55 ಗಜದವರೆಗೆ ಪೊದೆ, ಮರಗಳ ನಡುವೆ ನಿಲ್ಲಿಸಿದ ಲೋಹದ ಪ್ರಾಣಿಗಳ ಮೈಯಲ್ಲಿನ ಸಣ್ಣ ವೃತ್ತಕ್ಕೆ ಗುರಿಯಿಡಬೇಕು. ತಾಗಿದರೆ ಪ್ರಾಣಿ ಮಗುಚುತ್ತದೆ. ದೂರವನ್ನು ಯಾರೂ ಹೇಳಿಕೊಡುವುದಿಲ್ಲ, ಆಟಗಾರರೇ ಅಳೆದುಕೊಳ್ಳಬೇಕು.

ಅಲ್ಲಿ ಬಹುತೇಕರ ಕೈಯಲ್ಲಿರುವುದು 4.5 ಮಿ.ಮೀ. ರೈಫಲ್. ಲೆಕ್ಕ ಸರಳ: 16 ಜೂಲ್ ಶಕ್ತಿ 0.55 ಗ್ರಾಂ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ನೂಕುತ್ತದೆ. ಅದೇ ಶಕ್ತಿ 5.5 ಮಿ.ಮೀ.ಯ ಒಂದು ಗ್ರಾಂ ಪೆಲೆಟ್ಟಿಗೆ ಕೊಡುವುದು 180 ಮೀಟರ್ ಒಳಗಿನ ವೇಗ. ನಿಧಾನವಾಗಿ ಹೋದದ್ದು ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಹೆಚ್ಚು ಕೆಳಗಿಳಿಯುತ್ತದೆ. ದೂರದ ಅಂದಾಜಿನಲ್ಲಿ ಎರಡು ಗಜ ತಪ್ಪಿದರೂ ಸಣ್ಣ ಪೆಲೆಟ್ ಕಾಪಾಡೀತು, ದೊಡ್ಡದು ವೃತ್ತದ ಅಂಚಿಗೆ ಬಡಿದೀತು.

ಭಾರತದ ಹವ್ಯಾಸಿಗಳಿಗೂ ಈ ಲೆಕ್ಕ ಹತ್ತಿರದ್ದು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಇಲ್ಲಿ ಲೈಸೆನ್ಸ್ ವಿನಾಯಿತಿ ಇರುವುದು 4.5 ಮಿ.ಮೀ. ಮತ್ತು 20 ಜೂಲ್ ಮಿತಿಯೊಳಗಿನ ರೈಫಲ್‌ಗೆ. ಕ್ಯಾಲಿಬರ್ ಕಾನೂನೇ ಗೊತ್ತುಮಾಡಿದೆ, ಆಯ್ಕೆಗೆ ಉಳಿದದ್ದು ತೂಕ. ಪೂರ್ತಿ 20 ಜೂಲ್ ಕೊಡುವ ರೈಫಲ್ ಇದ್ದರೆ 0.67 ಗ್ರಾಂ ಪೆಲೆಟ್ ಕೂಡ ಸೆಕೆಂಡಿಗೆ 240 ಮೀಟರ್ ದಾಟುತ್ತದೆ. ಐವತ್ತು ಮೀಟರಿಗೆ ಅದು ಸೊಗಸಾದ ಹೊಂದಿಕೆ.

ಶಕ್ತಿಯ ಮಿತಿಯೇ ಇಲ್ಲದ ಕಡೆ ಚಿತ್ರ ತಿರುಗಿಬೀಳುತ್ತದೆ. ಅಮೆರಿಕದ ಅರಿಜೋನಾದಲ್ಲಿ ನಡೆಯುವ ಎಕ್ಸ್‌ಟ್ರೀಮ್ ಬೆಂಚ್‌ರೆಸ್ಟ್ ಪಂದ್ಯದಲ್ಲಿ ಗುರಿ 100 ಗಜದಲ್ಲಿರುತ್ತದೆ. ಅಂಥ ದೂರಕ್ಕೆ ಆಟಗಾರರು ನೆಚ್ಚುವುದು 6.35 ಅಥವಾ 7.62 ಮಿ.ಮೀ. ನಳಿಗೆ. 2.2 ಗ್ರಾಂ ಪೆಲೆಟ್ಟನ್ನು ಸೆಕೆಂಡಿಗೆ 270 ಮೀಟರ್ ವೇಗದಲ್ಲಿ ಹಾರಿಸಲು 80 ಜೂಲ್ ಬೇಕು, ಇಂಗ್ಲೆಂಡಿನ ಮಿತಿಯ ಐದು ಪಟ್ಟು. ಅಷ್ಟಾದರೂ ನೂರು ಗಜ ತಲುಪುವಷ್ಟರಲ್ಲಿ ಅದು ನಳಿಗೆಯ ನೇರದಿಂದ ಎರಡಡಿಗೂ ಹೆಚ್ಚು ಇಳಿದಿರುತ್ತದೆ.

ಈ ಇಳಿತ ದೊಡ್ಡ ತಲೆನೋವಲ್ಲ. ದೂರ ಗೊತ್ತಿದ್ದರೆ ಇಳಿತವೂ ಗೊತ್ತು, ಸ್ಕೋಪಿನ ತಿರುಪನ್ನು ಎಣಿಸಿ ತಿರುಗಿಸಿದರಾಯಿತು. ನಿಜವಾದ ಪರೀಕ್ಷೆ ಅಡ್ಡಗಾಳಿಯದು. ಅಡ್ಡಗಾಳಿ ಪೆಲೆಟ್ಟನ್ನು ಎಷ್ಟು ಸರಿಸುತ್ತದೆ ಎನ್ನುವುದು ಅದು ಹಾರಿದ ಒಟ್ಟು ಹೊತ್ತಿನ ಮೇಲಲ್ಲ, ಗಾಳಿಯ ತಡೆಯಿಂದ ಆದ ವಿಳಂಬದ ಮೇಲೆ ನಿಂತಿದೆ. 240 ಮೀಟರ್ ವೇಗದ ಹಗುರ ಪೆಲೆಟ್ ತಡೆಯೇ ಇಲ್ಲದಿದ್ದರೆ ನೂರು ಗಜವನ್ನು 0.38 ಸೆಕೆಂಡಿನಲ್ಲಿ ಮುಟ್ಟಬೇಕು. ನಿಜದಲ್ಲಿ ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ ನಾಲ್ಕು ಮೀಟರಿನ ಅಡ್ಡಗಾಳಿ ಬೀಸುತ್ತಿದ್ದರೆ ಆ ವಿಳಂಬ ಹೆಚ್ಚುಕಡಿಮೆ ಅರ್ಧ ಮೀಟರ್ ಪಕ್ಕಕ್ಕೆ ಒಯ್ಯುತ್ತದೆ. 2.2 ಗ್ರಾಂ ಪೆಲೆಟ್ ಅದೇ ಗಾಳಿಯಲ್ಲಿ ಸರಿಯುವುದು ಒಂದು ಗೇಣಿಗಿಂತ ಕಡಿಮೆ.

ಹಾಗಿದ್ದರೆ ಹಗುರ ಪೆಲೆಟ್ಟಿಗೇ ವೇಗ ಹೆಚ್ಚಿಸಬಾರದೇಕೆ? ಶಬ್ದದ ವೇಗ ಅಡ್ಡ ನಿಲ್ಲುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಸೆಕೆಂಡಿಗೆ 343 ಮೀಟರ್. ಅದರ ಸಮೀಪಕ್ಕೆ ಹೋದಂತೆ ಗಾಳಿಯ ತಡೆ ಒಮ್ಮೆಲೇ ಏರಿ ಡಯಾಬೊಲೊ ಓಲಾಡತೊಡಗುತ್ತದೆ. ಅನುಭವಿಗಳು 260ರಿಂದ 290 ಮೀಟರ್ ನಡುವೆ ನಿಲ್ಲಿಸುವುದು ಅದಕ್ಕೇ. ಆ ವೇಗದಲ್ಲಿ ತನ್ನ ರೈಫಲ್ ಎಷ್ಟು ಭಾರ ಹೊರಬಲ್ಲದು ಎಂದು ಕೇಳಿದರೆ ತೂಕದ ಉತ್ತರ ತಾನಾಗಿ ಸಿಗುತ್ತದೆ.

ಕೊನೆಯ ಮಾತು ಮಾತ್ರ ನಳಿಗೆಯದು. ಒಂದೇ ಕಾರ್ಖಾನೆಯ ಎರಡು ನಳಿಗೆಗಳು ಒಂದೇ ಪೆಲೆಟ್ಟನ್ನು ಮೆಚ್ಚಬೇಕೆಂದಿಲ್ಲ. ಜೆಕ್ ದೇಶದ ಜೆಎಸ್‌ಬಿಯಂಥ ತಯಾರಕರು 4.5 ಮಿ.ಮೀ. ಪೆಲೆಟ್ಟನ್ನೇ 4.50, 4.51, 4.52 ಎಂದು ತಲೆಯಳತೆ ನಮೂದಿಸಿ ಮಾರುತ್ತಾರೆ. ಮಿಲಿಮೀಟರಿನ ನೂರನೇ ಒಂದು ಪಾಲಿನ ಆ ವ್ಯತ್ಯಾಸ ಐವತ್ತು ಮೀಟರಿನಾಚೆ ಬರಿಗಣ್ಣಿಗೆ ಕಾಣುತ್ತದೆ.

ಇಲ್ಲಿ ಶುರುವಾಗುತ್ತದೆ ಬೆಳಗಿನ ಸುಖ. ಗಾಳಿ ಎಚ್ಚರಗೊಳ್ಳುವ ಮೊದಲೇ ರೇಂಜಿಗೆ ಹೋಗಿ ಮೇಜಿನ ಮೇಲೆ ನಾಲ್ಕು ಬಗೆಯ ಡಬ್ಬಿ ತೆರೆದಿಡಬೇಕು. ಅಂಚು ಸೊಟ್ಟಗಾದದ್ದನ್ನು ಬೆಳಕಿಗೆ ಹಿಡಿದು ಆರಿಸಿ ತೆಗೆಯಬೇಕು. ಉಳಿದವನ್ನು ಸಣ್ಣ ತಕ್ಕಡಿಯಲ್ಲಿ ತೂಗಿ ಒಂದೇ ತೂಕದವನ್ನು ಒಟ್ಟು ಮಾಡಬೇಕು. ಡಬ್ಬಿ ಬದಲಿಸಿದಾಗಲೆಲ್ಲ, ಹೊಸ ಸೀಸಕ್ಕೆ ನಳಿಗೆ ಒಗ್ಗಲೆಂದು ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ಹತ್ತು ಹತ್ತು ಗುಂಡಿನ ಗುಂಪು, ಮೊದಲು 25 ಮೀಟರಿಗೆ, ಅಲ್ಲಿ ಗೆದ್ದವು 50 ಮೀಟರಿಗೆ. ಐದು ಗುಂಡು ಅದೃಷ್ಟದಿಂದಲೂ ಕೂಡಿಬಂದೀತು, ಹತ್ತು ಅಷ್ಟು ಸುಲಭಕ್ಕೆ ಕೂಡಿಬರದು. ಚೆನ್ನಾಗಿ ಕೂಡಿದ ಬಗೆ ಸಿಕ್ಕೊಡನೆ ಬಲ್ಲವರು ಡಬ್ಬಿಯ ಮೇಲಿನ ಅಚ್ಚಿನ ಸಂಖ್ಯೆ ಬರೆದುಕೊಂಡು, ಅದೇ ಸಂಖ್ಯೆಯ ಡಬ್ಬಿಗಳನ್ನು ಅಂಗಡಿಯಲ್ಲಿ ಹುಡುಕಿ, ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಂಡಿಡುತ್ತಾರೆ.